ಗವಿಯ ಕಲ್ಲು ಬರೆದ ಮಳೆಯ ಲೆಕ್ಕ

ದೇಶಚರಿತ್ರೆಯನ್ನು ಬರೆಯಹೊರಟವರು ಮೊದಲು ಶಾಸನಗಳನ್ನು ಅರಸುವರು. ಅನಂತರ ನಾಣ್ಯಗಳನ್ನೂ ಓಲೆಯ ಕಟ್ಟುಗಳನ್ನೂ ಕೈಫಿಯತ್ತುಗಳನ್ನೂ ಪರದೇಶದ ಯಾತ್ರಿಕರ ಬರೆವಣಿಗೆಗಳನ್ನೂ ನೋಡುವರು. ಇವುಗಳಿಂದ ಅರಸರ ಹೆಸರುಗಳೂ ಯುದ್ಧಗಳ ಕಾಲವೂ ದಾನದತ್ತಿಗಳ ವಿವರವೂ ತಿಳಿದುಬರುತ್ತವೆ. ಆದರೆ ಆ ಅರಸರ ಬೊಕ್ಕಸವನ್ನು ಒಂದು ವರ್ಷ ತುಂಬಿ ಮತ್ತೊಂದು ವರ್ಷ ಬರಿದುಮಾಡುತ್ತಿದ್ದ ಮಳೆಯ ವಿಷಯದಲ್ಲಿ ಈ ಸಾಧನಗಳು ಬಹುಮಟ್ಟಿಗೆ ಮೌನವಾಗಿವೆ. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಉಂಟು. ಆ ಕೆರೆ ಯಾವ ವರ್ಷ ಕೋಡಿ ಬಿದ್ದಿತು, ಯಾವ ವರ್ಷ ತಳ ಬಿರಿಯಿತು ಎಂಬುದು ಇಲ್ಲ. ಬೆಂಗಳೂರಿನಂಥ ಊರಿನಲ್ಲಿಯೂ ಮಳೆಯನ್ನು ಮಾಪಕವಿಟ್ಟು ಅಳೆಯುವ ಪದ್ಧತಿ ಬಂದು ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಅದಕ್ಕೆ ಹಿಂದಿನ ಲೆಕ್ಕವನ್ನು ಬರೆದಿಟ್ಟ ಕರಣಿಕನೇ ಇಲ್ಲವೆಂದು ಬಹುಕಾಲ ಎಣಿಸಲಾಗಿತ್ತು. ಅಂಥ ಕರಣಿಕನೊಬ್ಬನು ಇರುವನೆಂಬುದು ಈಚಿನ ಐವತ್ತು ಅರುವತ್ತು ವರ್ಷಗಳ ವಿಜ್ಞಾನದಿಂದ ಸಿದ್ಧವಾಗಿದೆ. ಸುಣ್ಣಕಲ್ಲಿನ ಗವಿಗಳ ಕತ್ತಲೆಯಲ್ಲಿ ತೊಟ್ಟು ತೊಟ್ಟಾಗಿ ಬೆಳೆಯುವ ಕಲ್ಲೇ ಆ ಕರಣಿಕ.

ಗವಿಯೆಂದೊಡನೆ ಬೆಂಗಳೂರಿನ ನಿವಾಸಿಗಳಿಗೆ ನೆನಪಾಗುವುದು ಗವೀಪುರದ ಗಂಗಾಧರೇಶ್ವರನ ಗುಡಿ. ಮಕರ ಸಂಕ್ರಾಂತಿಯ ದಿನ ಸಂಜೆಯ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಬಸವನಗುಡಿ, ಚಾಮರಾಜಪೇಟೆಗಳಿಂದ ಜನರು ಅಲ್ಲಿಗೆ ನೆರೆಯುವರು. ಆ ಗವಿ ಸೂರ್ಯನ ಗತಿಯನ್ನು ತೋರಿಸಬಲ್ಲುದು. ಮಳೆಯ ಲೆಕ್ಕವನ್ನು ಮಾತ್ರ ಹೇಳಲಾರದು. ಏಕೆಂದರೆ ಅದನ್ನು ಕೊರೆದಿರುವುದು ಲಾಲ್‌ಬಾಗಿನ ಬಂಡೆಯ, ಬ್ಯೂಗಲ್ ರಾಕಿನ ಜಾತಿಗೇ ಸೇರಿದ ಕಲ್ಲಿನಲ್ಲಿ. ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎಂದು ಕರೆಯುವ ಈ ಶಿಲೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷ; ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. ಇಷ್ಟು ಪ್ರಾಚೀನವಾದರೂ ಅದು ಮಳೆಯ ನೀರಿಗೆ ಸುಲಭವಾಗಿ ಕರಗತಕ್ಕ ಕಲ್ಲಲ್ಲ. ಕರಗದ ಕಲ್ಲಿನಲ್ಲಿ ನೀರು ಏನನ್ನೂ ಬರೆಯಲಾರದು. ಬರೆವಣಿಗೆಗೆ ಸುಣ್ಣ ಬೇಕು.

ಸುಣ್ಣವು ಹೇಗೆ ಕರಗುವುದು, ಹೇಗೆ ಮತ್ತೆ ಕಲ್ಲಾಗುವುದು ಎಂಬುದನ್ನು ತಿಳಿಯಲು ದೊಡ್ಡ ಪ್ರಯೋಗಶಾಲೆಯ ಅವಶ್ಯಕತೆಯಿಲ್ಲ. ಎಲೆಯಡಕೆಯ ತಟ್ಟೆಯಲ್ಲಿರುವ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಕದಡಿ, ಮೇಲೆ ನಿಂತ ತಿಳಿಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಕೊಳವೆಯೊಂದರಿಂದ ಅದರೊಳಕ್ಕೆ ಉಸಿರನ್ನು ಊದಿದರೆ ತಿಳಿನೀರು ಹಾಲಿನಂತೆ ಬೆಳ್ಳಗಾಗುವುದು. ಉಸಿರಿನಲ್ಲಿರುವ ಇಂಗಾಲಾಮ್ಲ ವಾಯು ಸುಣ್ಣದೊಡನೆ ಕೂಡಿ ಸುಣ್ಣಕಲ್ಲಿನ ಪುಡಿಯಾದುದೇ ಇದಕ್ಕೆ ಕಾರಣ. ಅಲ್ಲಿಗೇ ನಿಲ್ಲಿಸದೆ ಮತ್ತಷ್ಟು ಹೊತ್ತು ಊದುತ್ತ ಹೋದರೆ ಬಿಳುಪು ಮಾಯವಾಗಿ ನೀರು ಪುನಃ ತಿಳಿಯಾಗುವುದು. ಹೆಚ್ಚಿನ ಇಂಗಾಲಾಮ್ಲವು ಆ ಪುಡಿಯನ್ನು ಕರಗಿಸಿಕೊಂಡಿತು. ಈಗ ಆ ನೀರನ್ನು ಕಾಯಿಸಿದರೆ ವಾಯುವು ಹೊರಟುಹೋಗಿ ಬಿಳಿಯ ಪುಡಿ ಎರಡನೆಯ ಸಲ ಕಾಣಿಸಿಕೊಳ್ಳುವುದು. ಬೆಂಗಳೂರಿನ ಗಡಸು ನೀರನ್ನು ಕಾಯಿಸುವ ಬಚ್ಚಲ ಹಂಡೆಯ ಒಳಮೈಗೆ ವರ್ಷಗಟ್ಟಲೆ ಹತ್ತಿಕೊಂಡು ಬರುವ ಬಿಳಿಯ ಗಟ್ಟಿ ಪದರವೂ ಇದೇ ವಸ್ತು.

ಗವಿಯಲ್ಲಿ ನಡೆಯುವುದೂ ಇಷ್ಟೇ. ಮಳೆಯ ನೀರು ಕಾಡಿನ ಮಣ್ಣಿನೊಳಕ್ಕೆ ಇಳಿಯುವಾಗ ಬೇರುಗಳೂ ಕ್ರಿಮಿಗಳೂ ಬಿಟ್ಟ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುವುದು. ಆ ನೀರು ಕೆಳಗಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ಹರಿದು ಕಲ್ಲನ್ನು ಕರಗಿಸಿಕೊಂಡು ಗವಿಯ ಮಾಡಿಗೆ ಬರುವುದು. ಗವಿಯ ಗಾಳಿಗೆ ತೆರೆದುಕೊಂಡೊಡನೆ ಅದರಲ್ಲಿನ ವಾಯುವು ಹೊರಬಿದ್ದು ಸುಣ್ಣವು ಕೂಡಲೇ ಹೆಪ್ಪುಗಟ್ಟುವುದು. ಮಾಡಿನಿಂದ ಇಳಿಬಿದ್ದುದು ಸ್ಟ್ಯಾಲಕ್ಟೈಟು. ತೊಟ್ಟು ಬಿದ್ದ ಜಾಗದಲ್ಲಿ ನೆಲದಿಂದ ಮೇಲಕ್ಕೆ ಎದ್ದುದು ಸ್ಟ್ಯಾಲಗ್ಮೈಟು. ಇವುಗಳ ಬೆಳವಣಿಗೆ ಬಹಳ ನಿಧಾನ. ವರ್ಷಕ್ಕೆ ಒಂದು ಮಿಲಿಮೀಟರಿನ ಕೆಲವು ಹತ್ತನೆಯ ಭಾಗ, ಎಷ್ಟೋ ಕಡೆ ಅದಕ್ಕೂ ಕಡಿಮೆ. ನೆಲದಿಂದೆದ್ದ ಕಲ್ಲನ್ನು ಉದ್ದಕ್ಕೆ ಸೀಳಿ ನಯಮಾಡಿದರೆ ಮರದ ಸುಳಿಗಳಂತೆ ಒಂದರ ಮೇಲೊಂದು ಪದರಗಳು ಕಾಣುವುವು. ಮಳೆಗಾಲ ಬೇಸಿಗೆಗಳ ಭೇದ ಸ್ಪಷ್ಟವಾಗಿರುವ ನಾಡಿನಲ್ಲಿ ಕೆಲವು ಕಲ್ಲುಗಳಲ್ಲಿ ವರ್ಷಕ್ಕೊಂದು ಪದರ ಬೀಳುವುದುಂಟು.

ಪದರಗಳನ್ನು ಎಣಿಸಲಾಗದ ಕಡೆ ವಯಸ್ಸನ್ನು ಕಂಡುಹಿಡಿಯಲು ಬೇರೊಂದು ಉಪಾಯವಿದೆ. ಯುರೇನಿಯಂ ಎಂಬ ಧಾತು ನೀರಿನಲ್ಲಿ ಕರಗಿ ಅತ್ಯಲ್ಪ ಪ್ರಮಾಣದಲ್ಲಿ ಸುಣ್ಣದ ಜೊತೆಗೆ ಬರುವುದು; ಥೋರಿಯಂ ಎಂಬುದು ನೀರಿನಲ್ಲಿ ಹೆಚ್ಚು ಕಡಮೆ ಕರಗುವುದೇ ಇಲ್ಲ. ಆದುದರಿಂದ ಹೊಸದಾಗಿ ಕಟ್ಟಿದ ಪದರದಲ್ಲಿ ಯುರೇನಿಯಂ ಇದ್ದು ಥೋರಿಯಂ ಇಲ್ಲದಂತಾಗುವುದು. ಕಾಲ ಕಳೆದಂತೆಲ್ಲ ಯುರೇನಿಯಂ ಗೊತ್ತಾದ ವೇಗದಲ್ಲಿ ಶಿಥಿಲವಾಗಿ ಥೋರಿಯಂ ಆಗುತ್ತಿರುವುದು. ಇವೆರಡರ ಪ್ರಮಾಣವನ್ನು ಅಳೆದರೆ ಆ ಪದರ ಹುಟ್ಟಿ ಎಷ್ಟು ವರ್ಷವಾಯಿತೆಂಬುದು ತಿಳಿಯುವುದು. ಈ ಕ್ರಮದಿಂದ ಸುಮಾರು ಐದು ಲಕ್ಷ ವರ್ಷಗಳವರೆಗೂ ಕಾಲನಿರ್ಣಯ ಸಾಧ್ಯ.

ಇನ್ನು ಮಳೆಯ ಲೆಕ್ಕ. ನೀರಿನಲ್ಲಿರುವ ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಐನೂರಕ್ಕೆ ಒಂದರಂತೆ ಭಾರವಾದ ಪರಮಾಣು ಇರುವುದು. ಮೋಡವು ಮಳೆಯಾಗುವಾಗ ಭಾರದ ನೀರು ಮೊದಲು ಇಳಿದುಬರುವುದು. ಮಳೆ ಎಡೆಬಿಡದೆ ಸುರಿದಂತೆಲ್ಲ ಉಳಿದ ಆವಿಯಲ್ಲಿ ಹಗುರವಾದುದರ ಪಾಲೇ ಹೆಚ್ಚುತ್ತ ಹೋಗುವುದು. ಆದಕಾರಣ ಮುಂಗಾರು ಜೋರಾಗಿದ್ದ ವರ್ಷದ ನೀರಿನಲ್ಲಿ ಭಾರದ ಆಮ್ಲಜನಕ ಕಡಮೆ. ಮುಂಗಾರು ಸೋತ ವರ್ಷದ ನೀರಿನಲ್ಲಿ ಹೆಚ್ಚು. ಆ ನೀರಿನಿಂದ ಹುಟ್ಟಿದ ಕಲ್ಲು ಈ ವ್ಯತ್ಯಾಸವನ್ನು ಹಾಗೆಯೇ ಉಳಿಸಿಕೊಳ್ಳುವುದು. ಪದರ ಪದರವಾಗಿ ಸ್ವಲ್ಪ ಸ್ವಲ್ಪ ಪುಡಿಯನ್ನು ಕೆರೆದು ತೂಗಿ ನೋಡಿದರೆ, ಒಂದೊಂದು ಕಾಲದಲ್ಲಿಯೂ ಮಳೆ ಹೆಚ್ಚಿತ್ತೋ ಕಡಮೆಯಿತ್ತೋ ಎಂಬುದನ್ನು ಊಹಿಸಬಹುದು.

ಕನ್ನಡನಾಡಿನಲ್ಲಿ ಇಂಥ ಕಲ್ಲನ್ನು ಕೊಡತಕ್ಕ ಪ್ರದೇಶಗಳು ಹೆಚ್ಚಿಲ್ಲ. ಕಲಾದಗಿ ಬಾಗಲಕೋಟೆಗಳ ಸೀಮೆಯಲ್ಲಿಯೂ ಭೀಮಾ ನದಿಯ ದಂಡೆಯಲ್ಲಿಯೂ ವಿಸ್ತಾರವಾದ ಸುಣ್ಣಕಲ್ಲಿನ ಹಾಸುಗಳಿವೆ. ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದು ಕಲ್ಲು ಭೀಮಾ ತೀರದ ಸುಣ್ಣಕಲ್ಲೇ. ಉತ್ತರ ಕನ್ನಡದ ಕಾಡುಗಳಲ್ಲಿ ಸುಣ್ಣಕಲ್ಲೂ ಧಾರಾಳವಾದ ಮಳೆಯೂ ಒಂದೆಡೆಯಲ್ಲಿ ಸೇರಿವೆ. ಕುಮಟಾ ತಾಲ್ಲೂಕಿನ ಯಾಣದಲ್ಲಿ ಕರಿಯ ಸುಣ್ಣಕಲ್ಲಿನ ಮಹಾಶಿಖರದ ಬುಡದ ಗವಿಯಲ್ಲಿ ಸ್ವಯಂಭೂ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತಿರುವುದನ್ನು ಯಾತ್ರಿಕರು ಕಂಡಿರುವರು. ದಾಂಡೇಲಿಯ ಸಮೀಪದ ಕವಳಾ ಗವಿಯಲ್ಲಿ ಜನರು ಶಿವಲಿಂಗವೆಂದು ಪೂಜಿಸುವುದು ನೆಲದಿಂದ ಬೆಳೆದ ಸ್ಟ್ಯಾಲಗ್ಮೈಟನ್ನೇ. ನೀರು ಬಿದ್ದು ಬಿದ್ದು ಲಿಂಗವು ಬೆಳೆಯುವುದೆಂಬ ಭಕ್ತರ ನಂಬಿಕೆಗೂ ರಸಾಯನಶಾಸ್ತ್ರದ ಮಾತಿಗೂ ಇಲ್ಲಿ ವಿರೋಧವೇನೂ ಕಾಣದು.

ಅದೇ ಉತ್ತರ ಕನ್ನಡ ಜಿಲ್ಲೆಯ ಆಕಳಗವಿ ಎಂಬ ಗುಹೆಯಿಂದ ತೆಗೆದ ಕಲ್ಲೊಂದನ್ನು ಎಂ. ಜಿ. ಯಾದವ, ಆರ್. ರಮೇಶ್, ಜಿ. ಬಿ. ಪಂತ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ ೨೦೦೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲಿಬ್ಬರು ಅಹಮದಾಬಾದಿನ ಭೌತ ಸಂಶೋಧನಾಲಯದವರು. ಮೂರನೆಯವರು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು. ಆ ಕಲ್ಲಿನಲ್ಲಿ ವರ್ಷಕ್ಕೊಂದರಂತೆ ಬಿದ್ದ ಪದರಗಳಿಂದ ೩೩೧ ವರ್ಷಗಳ ಮುಂಗಾರಿನ ಏರಿಳಿತ ದೊರೆಯಿತು. ಅದರ ಆರಂಭ ಸುಮಾರು ೧೬೬೬ನೆಯ ಇಸವಿ.

ಈ ಕಾಲಾವಧಿಯನ್ನು ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಅದರ ಬೆಲೆ ತಿಳಿಯುವುದು. ಆಕಳಗವಿಯ ಕಲ್ಲಿನ ಮೊದಲ ಪದರ ಕಟ್ಟಿದಾಗ ಬೆಂಗಳೂರು ಭೋಂಸಲೆಗಳ ಜಹಗೀರಾಗಿತ್ತು. ಇಪ್ಪತ್ತೊಂದು ಪದರಗಳು ಕೂಡುವ ಹೊತ್ತಿಗೆ, ಎಂದರೆ ೧೬೮೭ರಲ್ಲಿ, ಮೊಗಲರ ಕೈಸೇರಿದ ಬೆಂಗಳೂರನ್ನು ಚಿಕ್ಕದೇವರಾಜ ಒಡೆಯರು ಹಣ ಕೊಟ್ಟು ಪಡೆದರು. ೧೭೯೧ರಲ್ಲಿ ಕಾರ್ನವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದ ಕಾಲಕ್ಕೆ ದಖ್ಖನಿನ ಬಹುಭಾಗದಲ್ಲಿ ಡೋಜಿ ಬರವೆಂಬ ತಲೆಬುರುಡೆಗಳ ಕ್ಷಾಮ ಹಬ್ಬಿತ್ತು. ಆಗ ಆಂಧ್ರದ ಸಾಮಲಕೋಟೆಯಲ್ಲಿದ್ದ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರೋ ಎಂಬವನು ಮಳೆಯ ಅಭಾವವನ್ನು ವರ್ಷವರ್ಷವೂ ಬರೆದಿಟ್ಟಿರುವನು. ಅಂಥ ಒಬ್ಬನು ಎಲ್ಲ ಊರಿನಲ್ಲಿಯೂ ಇರಲಿಲ್ಲ. ಅವನಿಲ್ಲದ ಕಡೆಗಳಲ್ಲಿ ಅವನ ಕೆಲಸವನ್ನು ಗವಿಯ ಕಲ್ಲು, ತೇಗದ ಮರದ ಸುಳಿ ಮೊದಲಾದುವು ಮಾಡಿವೆ.

ಇನ್ನೂ ಹಿಂದಿನ ಕಾಲಕ್ಕೆ ಹೋಗಬೇಕಾದರೆ ನೆರೆನಾಡಿನ ಗವಿಗಳ ಸಹಾಯ ಬೇಕಾಗುವುದು. ಛತ್ತೀಸಗಡದ ಬಸ್ತರ್ ಸೀಮೆಯ ಕಾಂಗೇರ್ ಕಣಿವೆಯಲ್ಲಿ ದಂಡಕ್ ಎಂಬ ಗವಿಯುಂಟು. ಅದರ ಕಲ್ಲಿನಿಂದ ಕ್ರಿ. ಶ. ೬೦೦ರಿಂದ ೧೫೦೦ರವರೆಗಿನ ಒಂಬೈನೂರು ವರ್ಷಗಳ ಮುಂಗಾರಿನ ಚರಿತ್ರೆಯನ್ನು ಆಶೀಶ್ ಸಿನ್ಹಾ ಮತ್ತು ಅವರ ಸಹೋದ್ಯೋಗಿಗಳು ೨೦೦೭ರಲ್ಲಿ ಪ್ರಕಟಿಸಿದರು. ಹದಿನಾಲ್ಕನೆಯ ಶತಮಾನದ ನಡುಗಾಲದಿಂದ ಹದಿನೈದನೆಯ ಶತಮಾನದ ನಡುಗಾಲದವರೆಗೆ ಮಳೆ ಮತ್ತೆ ಮತ್ತೆ ಕುಗ್ಗಿ, ಒಂದೊಂದು ಸಲ ದಶಕಗಳ ಕಾಲ ಚೇತರಿಸಿಕೊಳ್ಳದೆ ಇದ್ದಂತೆ ಆ ಕಲ್ಲಿನಿಂದ ತೋರುವುದು. ದಖ್ಖನಿನ ಜನರ ನೆನಪಿನಲ್ಲಿ ದುರ್ಗಾದೇವಿ ಬರವೆಂದು ಉಳಿದಿರುವ, ೧೩೯೬ರಿಂದ ಹನ್ನೆರಡು ವರ್ಷ ನಡೆಯಿತೆಂದು ಹೇಳುವ ಘೋರ ಕ್ಷಾಮ ಈ ಅವಧಿಗೇ ಸೇರಿದುದು. ಹನ್ನೆರಡು ವರ್ಷದ ಬರವೆಂಬುದು ಪುರಾಣಶೈಲಿಯ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಕಲ್ಲಿನ ಸಾಕ್ಷ್ಯ ಬಂದ ಮೇಲೆ ಅಷ್ಟು ಸುಲಭವಲ್ಲ.

ಆ ಕಾಲದಲ್ಲಿ ಕೃಷ್ಣೆಯ ಉತ್ತರಕ್ಕೆ ಬಹಮನಿ ಸುಲ್ತಾನರೂ ದಕ್ಷಿಣಕ್ಕೆ ವಿಜಯನಗರದ ಅರಸರೂ ಆಳುತ್ತಿದ್ದರು. ೧೩೭೮ರಿಂದ ೧೩೯೭ರವರೆಗೆ ಆಳಿದ ಎರಡನೆಯ ಮಹಮ್ಮದ ಷಹನು ಬರ ಬಂದಾಗ ಹತ್ತು ಸಾವಿರ ಎತ್ತುಗಳನ್ನು ನೇಮಿಸಿ ಮಾಳವ ಗುಜರಾತುಗಳಿಂದ ಧಾನ್ಯವನ್ನು ತರಿಸಿದನೆಂದು ಫೆರಿಷ್ತಾ ಬರೆದಿರುವನು. ವಿಜಯನಗರದ ಸೀಮೆಯಲ್ಲಿ ಹರಿಹರದ ಬಳಿ ಹರಿದ್ರಾ ನದಿಗೆ ೧೪೧೦ರಲ್ಲಿ ಅಣೆಕಟ್ಟು ಕಟ್ಟಿದ, ಅದು ಒಡೆದಾಗ ೧೪೨೪ರಲ್ಲಿ ಮತ್ತೆ ಕಟ್ಟಿಸಿದ ವೃತ್ತಾಂತ ಶಾಸನಗಳಲ್ಲಿ ದೊರೆಯುತ್ತದೆ. ಮಳೆ ಕುಗ್ಗಿದುದರಿಂದಲೇ ಈ ಕಟ್ಟೆಗಳು ಹುಟ್ಟಿದುವೆಂದು ಹೇಳಲು ಆಧಾರವಿಲ್ಲ. ಆದರೆ ಶಾಸನದ ಕಲ್ಲನ್ನೂ ಗವಿಯ ಕಲ್ಲನ್ನೂ ಜೊತೆಯಲ್ಲಿಟ್ಟು ಓದುವವನಿಗೆ, ಆ ಕಟ್ಟೆಯನ್ನು ಕಟ್ಟಿದವರು ಎಂಥ ಆಕಾಶದ ಕೆಳಗೆ ಬದುಕುತ್ತಿದ್ದರೆಂಬುದು ಮೊದಲಿಗಿಂತ ಚೆನ್ನಾಗಿ ಮನಸ್ಸಿಗೆ ಬರುವುದು.

ಮೇಘಾಲಯದ ಚಿರಾಪುಂಜಿಯ ಹತ್ತಿರವಿರುವ ಮಾವ್‌ಮ್ಲೂ ಗವಿಯ ಕೀರ್ತಿ ಮತ್ತೂ ದೊಡ್ಡದು. ಈಗ್ಗೆ ೪೨೦೦ ವರ್ಷಗಳ ಹಿಂದೆ ಮುಂಗಾರು ಬಹುಕಾಲ ಕ್ಷೀಣಿಸಿದ ಗುರುತು ಅಲ್ಲಿಯ ಸ್ಟ್ಯಾಲಗ್ಮೈಟೊಂದರಲ್ಲಿ ಕಂಡುಬಂದಿತು. ಅದನ್ನೇ ಗಡಿಕಲ್ಲನ್ನಾಗಿ ಮಾಡಿ ಭೂಚರಿತ್ರೆಯ ಇತ್ತೀಚಿನ ಯುಗಕ್ಕೆ ಮೇಘಾಲಯನ್ ಎಂಬ ಹೆಸರನ್ನು ೨೦೧೮ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಸಂಘವು ಅಂಗೀಕರಿಸಿತು. ಸಿಂಧೂ ಕಣಿವೆಯ ನಗರಗಳು ಬರಿದಾಗತೊಡಗಿದುದೂ ಸರಿಸುಮಾರು ಇದರ ಅನಂತರವೇ. ಬರವೇ ಅದಕ್ಕೆ ಕಾರಣವೇ, ಬರವೂ ಒಂದು ಕಾರಣವೇ ಎಂಬುದರಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಅದೇ ಸಹಸ್ರಮಾನದಲ್ಲಿ ಬಳ್ಳಾರಿ ರಾಯಚೂರು ಸೀಮೆಗಳಲ್ಲಿ ದನಕಾಯುವ ಜನರು ಸಗಣಿಯನ್ನು ಸುಟ್ಟು ಬೂದಿದಿಬ್ಬಗಳನ್ನು ಒಟ್ಟುತ್ತಿದ್ದರು. ನಗರಗಳು ಅಳಿದ ಮೇಲೆಯೂ ಶತಮಾನಗಳ ಕಾಲ ಅವರ ಬಾಳು ಮುಂದುವರಿಯಿತು. ಒಂದೇ ಆಕಾಶದ ಕೆಳಗೆ ಎಲ್ಲರ ಗತಿಯೂ ಒಂದೇ ಆಗಬೇಕೆಂಬ ನಿಯಮವಿಲ್ಲ.

ಗವಿಗಳಲ್ಲಿ ಮಾತ್ರವೇ ಸುಣ್ಣವು ಬರೆಯುವುದೆಂದು ತಿಳಿಯಕೂಡದು. ಸುಣ್ಣದ ನೀರಿನ ಚಿಲುಮೆ ನೆಲದಿಂದ ಉಕ್ಕುವ ಕಡೆ ಹಾವಸೆ, ಎಲೆ, ಶಂಖದ ಹುಳುಗಳ ಮೇಲೆ ಸುಣ್ಣ ಕಟ್ಟಿ ಸಚ್ಛಿದ್ರವಾದ ಕಲ್ಲಾಗುವುದು. ಚಿಲುಮೆ ಬತ್ತಿದ ಮೇಲೆಯೂ ಆ ಕಲ್ಲು ನಿಂತು, ಇಲ್ಲಿ ಒಂದು ಕಾಲಕ್ಕೆ ನೀರು ಹರಿಯುತ್ತಿತ್ತು, ಇಂಥ ಗಿಡಗಳು ಬೆಳೆದಿದ್ದುವು ಎಂದು ಹೇಳುವುದು. ಮೈಸೂರು ಸೀಮೆಯ ಒಣಭೂಮಿಗಳಲ್ಲಿ, ಗುಂಡ್ಲುಪೇಟೆಯ ಕಡೆಯ ಹೊಲಗಳಲ್ಲಿ, ಮಣ್ಣಿನೊಳಗೆ ಸಿಕ್ಕುವ ಬಿಳಿಯ ಸುಣ್ಣದ ಹರಳುಗಳೂ ಇದೇ ಜಾತಿಯವು. ಹಿಂದಿನವರು ಇವನ್ನು ಆಯ್ದು ಸುಟ್ಟು ಗಾರೆಗೆ ಸುಣ್ಣ ಮಾಡುತ್ತಿದ್ದರು. ಮಳೆ ಅತಿಯಾದ ಸೀಮೆಯಲ್ಲಿ ಸುಣ್ಣವು ತೊಳೆದುಹೋಗುವುದು. ಮಳೆ ಮಿತವಾದ ಸೀಮೆಯಲ್ಲಿ ಮಣ್ಣಿನೊಳಗೇ ನಿಂತು ಹರಳುಗಟ್ಟುವುದು. ಆದುದರಿಂದ ಹರಳು ಇರುವುದೇ ಒಂದು ಸಾಕ್ಷಿ.

ಹಾಗೆಂದು ಈ ಸಾಕ್ಷಿ ಎಲ್ಲಕ್ಕೂ ಉತ್ತರ ಕೊಡಬಲ್ಲುದೆಂದು ನಂಬುವುದೂ ತಪ್ಪು. ಆಮ್ಲಜನಕದ ಪ್ರಮಾಣವು ಮಳೆಯೊಂದರಿಂದಲೇ ಬದಲಾಗುವುದಿಲ್ಲ. ಮೋಡ ಯಾವ ಸಮುದ್ರದಿಂದ ಬಂದಿತು, ಗವಿಯೊಳಗಣ ಸೆಕೆ ಎಷ್ಟು, ತೊಟ್ಟು ಬೀಳುವುದಕ್ಕೆ ಮುಂಚೆ ಎಷ್ಟು ನೀರು ಆವಿಯಾಯಿತು ಎಂಬುವೂ ಅದರಲ್ಲಿ ಸೇರಿಕೊಳ್ಳುವುವು. ಅದರಿಂದಲೇ ವಿಜ್ಞಾನಿಗಳು ಒಂದು ಗವಿಯ ಮಾತನ್ನು ಮತ್ತೊಂದರ ಮಾತಿನೊಡನೆ, ಗವಿಗಳ ಮಾತನ್ನು ಮರಗಳ ಮಾತಿನೊಡನೆ ಹೋಲಿಸಿ ನೋಡುವರು. ಒಬ್ಬನೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡುವುದು ನ್ಯಾಯಸ್ಥಾನದಲ್ಲಿ ಹೇಗೆ ಸಲ್ಲದೋ ಇಲ್ಲಿಯೂ ಹಾಗೆಯೇ.

ಅದಕ್ಕಿಂತ ಗಂಭೀರವಾದ ಮಿತಿಯೊಂದುಂಟು. ಕಲ್ಲು ಮಳೆಯನ್ನು ಬಲ್ಲುದು, ಹಸಿವನ್ನು ಅರಿಯದು. ೧೮೭೬ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟುವು. ಧಾತು ಈಶ್ವರ ಸಂವತ್ಸರಗಳ ಆ ಬರದ ಕಥೆಯನ್ನು ಹಳೆಯ ಮನೆತನಗಳ ಹಿರಿಯರು ತಲೆಮಾರುಗಳವರೆಗೆ ಹೇಳಿಕೊಂಡು ಬಂದರು. ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ಎಣಿಕೆಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಆ ವರ್ಷಗಳಲ್ಲಿ ಪ್ರಶಾಂತ ಸಾಗರದ ನೀರು ಅತಿಯಾಗಿ ಕಾದು ಏಷ್ಯಾ, ಆಫ್ರಿಕ, ಅಮೆರಿಕ ಖಂಡಗಳ ಅನೇಕ ಭಾಗಗಳಲ್ಲಿ ಮಳೆ ತಪ್ಪಿದುದು ಈಗ ತಿಳಿದಿರುವ ವಿಷಯ. ಆದರೆ ಸಮುದ್ರವೊಂದೇ ಅಷ್ಟು ಜನರನ್ನು ಕೊಲ್ಲಲಿಲ್ಲ. ಜನರು ಸಾಯುತ್ತಿದ್ದ ಕಾಲದಲ್ಲಿಯೇ ದೇಶದ ರೇವುಗಳಿಂದ ಧಾನ್ಯವು ಹಡಗೇರಿ ಪರದೇಶಗಳಿಗೆ ಹೋಗುತ್ತಿತ್ತು. ಊರೊಳಗಿನ ಧಾನ್ಯದ ಬೆಲೆ ಕೂಲಿಯವನ ಕೈಗೆ ಎಟುಕದಂತೆ ಏರಿತ್ತು. ಒಳನಾಡಿಗೆ ಕಾಳು ಸಾಗಿಸಲು ಎತ್ತುಗಳೇ ಬದುಕಿ ಉಳಿದಿರಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯ ಕೆಲಸವನ್ನು ಆಗ ಬರಗಾಲದ ಕಾಮಗಾರಿಯಾಗಿ ಕೈಗೊಂಡರು. ಮಳೆ ತಪ್ಪುವುದು ಪ್ರಕೃತಿಯ ಕೆಲಸ; ಆ ತಪ್ಪು ಕ್ಷಾಮವಾಗುವುದೋ ಇಲ್ಲವೋ ಎಂಬುದನ್ನು ಗೊತ್ತುಮಾಡುವುದು ಕಣಜ, ಕೆರೆ, ದಾರಿ, ರಾಜನೀತಿ. ಹತ್ತು ಸಾವಿರ ಎತ್ತುಗಳನ್ನು ಕಳುಹಿಸಿದ ಸುಲ್ತಾನನೂ ಹಡಗುಗಳನ್ನು ತಡೆಯದ ಸರಕಾರವೂ ಗವಿಯ ಕಲ್ಲಿನಲ್ಲಿ ಒಂದೇ ಬಗೆಯ ಪದರವಾಗಿ ಕಾಣುವರು. ಅವರನ್ನು ಬೇರೆ ಬೇರೆಯಾಗಿ ತೋರಿಸಬೇಕಾದುದು ಚರಿತ್ರಕಾರನ ಕರ್ತವ್ಯ.

ಬೆಂಗಳೂರಿನ ನೀರಿನ ಕಥೆಯೂ ಇದನ್ನೇ ಹೇಳುವುದು. ನದಿಯಿಲ್ಲದ ಊರನ್ನು ಕಟ್ಟಿದ ಕೆಂಪೇಗೌಡನ ಕಾಲದವರು ಕೆರೆಗಳನ್ನು ನಂಬಿದರು. ಧರ್ಮಾಂಬುಧಿ, ಸಂಪಂಗಿ, ಕೆಂಪಾಂಬುಧಿಗಳಲ್ಲಿ ಗವೀಪುರದ ಮಗ್ಗುಲಿನ ಕೆಂಪಾಂಬುಧಿಯೊಂದು ಕೆರೆಯಾಗಿ ಉಳಿದಿದೆ. ಮಿಕ್ಕೆರಡರ ನೆಲ ಬಸ್ಸುಗಳ ನಿಲ್ದಾಣಕ್ಕೂ ಆಟದ ಬಯಲಿಗೂ ಹೋಯಿತು. ಕೆರೆಗಳು ಸಾಲದಾದಾಗ ೧೮೯೬ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳಾಯಿಯಲ್ಲಿ ಬಂದಿತು. ಮುಂದೆ ೧೯೨೦ರ ದಶಕದಲ್ಲಿ ಸಾಲುಸಾಲಾಗಿ ಮಳೆ ಕಡಮೆಯಾಗಿ ಹೆಸರಘಟ್ಟವೂ ಬತ್ತಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ೧೯೭೪ರಲ್ಲಿ ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಮೇಲಕ್ಕೆ ಎತ್ತಿ ತರಲಾಯಿತು. ಆದರೂ ೨೦೨೩ರ ಮಳೆ ಸೋತುದರಿಂದ ೨೦೨೪ರ ಬೇಸಿಗೆಯಲ್ಲಿ ಊರಿನ ಕೊಳವೆಬಾವಿಗಳು ಒಣಗಿ ಜನರು ಬಿಂದಿಗೆ ಹಿಡಿದು ಲಾರಿಯ ನೀರಿಗಾಗಿ ಕಾಯಬೇಕಾಯಿತು. ಒಂದು ವರ್ಷದ ಸೋಲಿಗೆ ಇಷ್ಟಾದರೆ, ದಂಡಕ್ ಗವಿಯ ಕಲ್ಲು ತೋರಿಸುವಂತೆ ದಶಕಗಳ ಕಾಲ ಮಳೆ ಕುಗ್ಗಿದರೆ ಏನಾದೀತೆಂಬುದನ್ನು ವಿಚಾರಮಾಡತಕ್ಕದ್ದು. ನೂರೆಂಬತ್ತು ನೂರತೊಂಬತ್ತು ವರ್ಷಗಳ ಮಾಪಕದ ಲೆಕ್ಕವನ್ನು ಮಾತ್ರ ನೋಡಿ, ಇದಕ್ಕಿಂತ ಕೆಟ್ಟ ಕಾಲ ಬಂದಿಲ್ಲ, ಆದುದರಿಂದ ಬರುವುದೂ ಇಲ್ಲ ಎಂದು ನೆಮ್ಮದಿಯಾಗಿರಲು ಆ ಕಲ್ಲುಗಳು ಎಡೆಗೊಡುವುದಿಲ್ಲ.

ಇಂಥ ದಫ್ತರವನ್ನು ಕಾಪಾಡುವ ಹೊಣೆ ಯಾರದು? ಓಲೆಯ ಗ್ರಂಥ ಹುಳು ಹಿಡಿದರೆ ಅದರ ಪ್ರತಿ ಬೇರೊಂದು ಮಠದಲ್ಲಿ ಸಿಕ್ಕೀತು. ಶಾಸನ ಒಡೆದರೂ ಅದರ ಪಾಠವನ್ನು ರೈಸ್ ಸಾಹೇಬರೂ ನರಸಿಂಹಾಚಾರ್ಯರೂ ಅಚ್ಚುಹಾಕಿಸಿರುವರು. ಗವಿಯ ಕಲ್ಲಿಗೆ ಪ್ರತಿಯಿಲ್ಲ. ಸಿಮೆಂಟಿಗೆ ಬೇಕಾಗುವುದೂ ಸುಣ್ಣಕಲ್ಲೇ ಆದುದರಿಂದ ಗಣಿಯ ಸಿಡಿಮದ್ದು ಅದಕ್ಕೆ ಒಂದು ಶತ್ರು. ನೋಡಬಂದವರು ನೆನಪಿಗೆಂದು ಮುರಿದೊಯ್ಯುವ ತುಂಡು ಮತ್ತೊಂದು. ಕೈಯ ಜಿಡ್ಡು ತಗಲಿದರೂ ಸುಣ್ಣ ಕಟ್ಟುವುದು ಕೆಡುವುದು. ಪರೀಕ್ಷೆಗೆಂದು ವಿಜ್ಞಾನಿಗಳು ಕಲ್ಲನ್ನು ಕೀಳುವಾಗಲೂ ಹಿಂದೆ ಮುಂದೆ ನೋಡಿ, ಆದಷ್ಟು ತಾನಾಗಿ ಮುರಿದುಬಿದ್ದುದನ್ನೇ ಆರಿಸಿಕೊಳ್ಳುವುದು ಮೇಲು. ಒಂದು ಅಂಗುಲ ಬೆಳೆಯಲು ನೂರಾರು ವರ್ಷ ಹಿಡಿದ ವಸ್ತು ಮುರಿಯಲು ಒಂದು ಗಳಿಗೆ ಸಾಕು. ಕವಳಾ ಗವಿಯಲ್ಲಿ ಅದನ್ನು ದೇವರೆಂದು ಕೈಮುಗಿದ ಹಳ್ಳಿಯವರು, ತಮಗೆ ತಿಳಿಯದೆಯೇ, ಮುಂದಿನ ಚರಿತ್ರಕಾರರಿಗೆ ಬೇಕಾದುದನ್ನು ಕಾದುಕೊಂಡು ಬಂದಿರುವರು. ಓದುಬರಹ ಬಲ್ಲವರು ಅಷ್ಟನ್ನಾದರೂ ತಿಳಿದು ಮಾಡಬೇಡವೆ?